19:19:19 ಒಂದೇ ಹಾಕಿದರೆ ಸಾಲದೇ?

ಪ್ರಶ್ನೆ: ತಾರಸಿಯಲ್ಲಿ ಪಿವಿಸಿ ಪೈಪಿನ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ನೀರಿನಲ್ಲೇ ಬೆಳೆಸುವ ವಿಧಾನ) ಮಾಡಿಕೊಂಡಿದ್ದೇವೆ. ಪಾಲಕ್, ಲೆಟ್ಯೂಸ್ ಹಾಕಿದ್ದೇವೆ. ಇದಕ್ಕೆಂದೇ ಮಾರುವ ಎ-ಬಿ ಪೋಷಕಾಂಶ ದ್ರಾವಣ ದುಬಾರಿ. ಗೊಬ್ಬರದಂಗಡಿಯ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇ 19 ಇರುವ ಗೊಬ್ಬರ) ನೀರಿನಲ್ಲಿ ಪೂರ್ತಿ ಕರಗುತ್ತದಲ್ಲ, ಅದನ್ನೇ ಹಾಕಬಾರದೇ?

ಉತ್ತರ: ಬಾರದು. "ಸ್ವಲ್ಪ ಹಾಕಿದರೆ?" ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಸ್ವಲ್ಪವೂ ಬಾರದು.

ಕರಗುವುದು ಬೇರೆ, ಸಾಕಾಗುವುದು ಬೇರೆ. ಸಕ್ಕರೆಯೂ ಕರಗುತ್ತದೆ. ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಸಾರಜನಕದ ಲೆಕ್ಕ ಅಚ್ಚಾಗಿರುತ್ತದೆ, ಒಮ್ಮೆ ಓದಿ. 19ರಲ್ಲಿ ಸುಮಾರು ಹತ್ತೂವರೆ ಪಾಲು ಯೂರಿಯಾ ರೂಪದ್ದು, ನಾಲ್ಕೂವರೆ ಅಮೋನಿಯಾ ರೂಪದ್ದು. ಬೇರು ನೇರವಾಗಿ, ನಿರಾತಂಕವಾಗಿ ಹೀರುವ ನೈಟ್ರೇಟ್ ಬರೀ ನಾಲ್ಕು. ಮಣ್ಣಿನಲ್ಲಿ ಯೂರಿಯಾವನ್ನು ಒಡೆದು ನೈಟ್ರೇಟ್ ಮಾಡಿಕೊಡಲು ಸೂಕ್ಷ್ಮಜೀವಿಗಳ ದಂಡೇ ಇದೆ. ನಿಮ್ಮ ಪೈಪಿನಲ್ಲಿ ಆ ದಂಡು ಇಲ್ಲ, ಇದ್ದರೂ ನಾಲ್ಕು ಜನ. ಇನ್ನೊಂದು ಮೋಸ ಮೀಟರಿನದು: ಯೂರಿಯಾ ನೀರಿನಲ್ಲಿ ವಿದ್ಯುತ್ ಹರಿಸುವುದಿಲ್ಲ, ಆದ್ದರಿಂದ ಇಸಿ ಮೀಟರಿಗೆ (ನೀರು ವಿದ್ಯುತ್ ಹರಿಸುವುದನ್ನು ಅಳೆದು ಗೊಬ್ಬರದ ಪ್ರಮಾಣ ತಿಳಿಸುವ ಸಾಧನ) ಅದು ಕಾಣುವುದೇ ಇಲ್ಲ. ಮೀಟರ್ ಕಡಿಮೆ ತೋರಿಸಿತೆಂದು ಇನ್ನೂ ಎರಡು ಚಮಚ ಸುರಿಯುತ್ತೀರಿ. ಬಿಸಿಲಿಗೆ ಕಾದ ನೀರಿನಲ್ಲಿ ಅಮೋನಿಯಾ ಏರಿ ಬೇರಿನ ತುದಿ ಕಂದಾಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಕ್ಯಾಲ್ಸಿಯಂನದು. ಆ ಚೀಲದಲ್ಲಿ ಅದು ಇಲ್ಲ. ಮೆಗ್ನೀಷಿಯಂ ಕೂಡ ಇಲ್ಲ. "ಕೋಲಾರದ ಕಡೆ ಡ್ರಿಪ್‌ನಲ್ಲಿ ಇದನ್ನೇ ಬಿಟ್ಟು ಟೊಮ್ಯಾಟೊ ಬೆಳೆಯುತ್ತಾರಲ್ಲ?" ಬೆಳೆಯುತ್ತಾರೆ. ಅಲ್ಲಿ ಕ್ಯಾಲ್ಸಿಯಂ ಕೊಡುವುದು ಹೊಲದ ಮಣ್ಣು, 19:19:19 ಅಲ್ಲ. ತಾರಸಿಯಲ್ಲೂ ಮೊದಲ ಎರಡು ವಾರ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಬೀಜದಲ್ಲಿದ್ದದ್ದು ಮತ್ತು ಬೋರ್‌ವೆಲ್ ನೀರಿನಲ್ಲಿದ್ದದ್ದು ಸೇರಿ ಸಸಿಯನ್ನು ಎಳೆದುಕೊಂಡು ಹೋಗುತ್ತವೆ. ಈ ಎರಡು ವಾರದ ಫೋಟೊ ನೋಡಿಯೇ ಎಲ್ಲರೂ ಮೋಸಹೋಗುವುದು. ಆಮೇಲೆ ಲೆಟ್ಯೂಸಿನ ಒಳ ಎಲೆಗಳ ಅಂಚು ಸುಟ್ಟಂತಾಗುತ್ತದೆ. ಕ್ಯಾಲ್ಸಿಯಂ ಹಳೆ ಎಲೆಯಿಂದ ಹೊಸ ಎಲೆಗೆ ಸಾಗುವುದಿಲ್ಲ, ಹಾಗಾಗಿ ಪೆಟ್ಟು ಬೀಳುವುದು ಚಿಗುರಿಗೇ.

"ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಸೇರಿಸಿದರೆ?" ಮೆಗ್ನೀಷಿಯಂ ಬಂತು, ಕ್ಯಾಲ್ಸಿಯಂ ಬರಲಿಲ್ಲ. "ಕ್ಯಾಲ್ಸಿಯಂ ನೈಟ್ರೇಟ್ ಕೂಡ ಸೇರಿಸಿದರೆ?" ಯೂರಿಯಾ ಹಾಗೇ ಉಳಿಯಿತು, ರಂಜಕ ಬೇಕಾದ್ದಕ್ಕಿಂತ ಹೆಚ್ಚಾಯಿತು. ಇಷ್ಟು ಸೇರಿಸುವ ಹೊತ್ತಿಗೆ ಸರಿಯಾದ ದ್ರಾವಣವನ್ನೇ ಮಾಡಿಕೊಳ್ಳಬಹುದಿತ್ತು.

ಮಾಡಿಕೊಳ್ಳಿ, ಅದೇ ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ. 100 ಲೀಟರ್ ನೀರಿಗೆ, ಸೊಪ್ಪಿನ ಬೆಳೆಗೆ: ಕ್ಯಾಲ್ಸಿಯಂ ನೈಟ್ರೇಟ್ 60 ಗ್ರಾಂ, 13:0:45 (ಪೊಟ್ಯಾಷಿಯಂ ನೈಟ್ರೇಟ್) 30 ಗ್ರಾಂ, 0:52:34 (ಮೋನೊ ಪೊಟ್ಯಾಷಿಯಂ ಫಾಸ್ಫೇಟ್) 15 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 35 ಗ್ರಾಂ, 12% ಕಬ್ಬಿಣದ ಇಡಿಟಿಎ (ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ಗೊಬ್ಬರ) 2 ಗ್ರಾಂ. ಜೊತೆಗೆ ಬೋರಾನ್, ಮ್ಯಾಂಗನೀಸ್, ಸತು, ತಾಮ್ರ, ಮಾಲಿಬ್ಡಿನಂ ಇರುವ ಸೂಕ್ಷ್ಮ ಪೋಷಕಾಂಶ ಮಿಶ್ರಣ, ಪೊಟ್ಟಣದ ಮೇಲಿನ ಅಳತೆಯಂತೆ. ಅದರಲ್ಲೇ ಕಬ್ಬಿಣವಿದ್ದರೆ ಮೇಲಿನ 2 ಗ್ರಾಂ ಅಷ್ಟಕ್ಕೆ ತಕ್ಕಂತೆ ಇಳಿಸಿ. ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ಮಗ್ಗಿನಲ್ಲಿ ಕರಗಿಸಿ, ಉಳಿದವು ತುಂಬಿದ ಟ್ಯಾಂಕಿನಲ್ಲಿ ಕಲೆತ ಮೇಲೆ ಕೊನೆಗೆ ಸುರಿಯಿರಿ. ಗಟ್ಟಿ ದ್ರಾವಣದಲ್ಲಿ ಅದು ಸಲ್ಫೇಟ್ ಜೊತೆ ಸೇರಿದರೆ ಜಿಪ್ಸಮ್ ಆಗಿ ತಳಕ್ಕೆ ಕೂರುತ್ತದೆ. ಎ ಮತ್ತು ಬಿ ಎಂದು ಎರಡು ಬಾಟಲಿ ಮಾರುವುದಕ್ಕೆ ಕಾರಣ ಇಷ್ಟೇ, ಬೇರೇನೂ ಗುಟ್ಟಿಲ್ಲ. ಇಸಿ ಒಂದೂವರೆ mS/cm ಆಸುಪಾಸು ಬರುತ್ತದೆ, ನಿಮ್ಮ ನೀರಿನದು ಅದರ ಮೇಲೆ. ಪಿಎಚ್ 5.8ರಿಂದ 6.3ರೊಳಗೆ ಇರಲಿ, 6.5 ದಾಟಿದರೆ ಇಡಿಟಿಎ ಕಬ್ಬಿಣ ಕೈಕೊಟ್ಟು, ಚಿಗುರು ನರ ಹಸಿರು ಮೈ ಹಳದಿಯಾಗುತ್ತದೆ. ಪಿಎಚ್ ಇಳಿಸಲು ನಿಂಬೆರಸ ಬೇಡ, ಒಂದೆರಡು ದಿನದಲ್ಲಿ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುತ್ತವೆ. ಫಾಸ್ಫಾರಿಕ್ ಆಮ್ಲವನ್ನು ಹನಿ ಹನಿಯಾಗಿ, ಕೈಗವಸು ಹಾಕಿಕೊಂಡು ಬಿಡಿ.

ಕ್ಯಾಲ್ಸಿಯಂ ಮಾತು ಬಂದದ್ದಕ್ಕೆ, ನೀವು ಕೇಳದಿದ್ದರೂ ಇನ್ನೊಂದು. ಪೈಪು ಬಿಟ್ಟು ಕೊಕೊಪೀಟ್ ಚೀಲದಲ್ಲಿ ಬೆಳೆಯುವವರು ಇದೇ ದ್ರಾವಣ ಕೊಟ್ಟರೂ ಟೊಮ್ಯಾಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದುಂಟು. ತೆಂಗಿನ ನಾರಿನ ಪುಡಿ ಹುಟ್ಟಿನಿಂದಲೇ ಪೊಟ್ಯಾಷಿಯಂ, ಸೋಡಿಯಂ ಹಿಡಿದುಕೊಂಡಿರುತ್ತದೆ. ನೀವು ಕೊಟ್ಟ ಕ್ಯಾಲ್ಸಿಯಂ ಕಿತ್ತುಕೊಂಡು ಅವನ್ನು ಬಿಡುತ್ತದೆ. ಬರೀ ನೀರಿನಲ್ಲಿ ಎಷ್ಟು ತೊಳೆದರೂ ಬಿಡಿ ಉಪ್ಪು ಹೋದೀತು, ಅಂಟಿಕೊಂಡದ್ದು ಹೋಗದು. ಒತ್ತಿ ಮಾರುವ ಕೊಕೊಪೀಟ್‌ನ 5 ಕಿಲೋ ಇಟ್ಟಿಗೆಯನ್ನು ನೆನೆಸಿ ಉಬ್ಬಿಸಿ, ಎರಡು ಸಲ ತೊಳೆಯಿರಿ. ಆಮೇಲೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ 25-30 ಲೀಟರ್ ನೀರಿನಲ್ಲಿ ಒಂದು ರಾತ್ರಿ ಇಟ್ಟು, ಬಸಿದು, ಇನ್ನೊಮ್ಮೆ ತೊಳೆದು ಬಳಸಿ. ಮೊದಲ ಸಲ ತೊಳೆದ ಕಂದು ನೀರನ್ನು ಚರಂಡಿಗೆ ಬಿಡಬೇಡಿ. ಹಿತ್ತಲಿನಲ್ಲಿ ತೆಂಗಿನ ಮರವಿದ್ದರೆ ಬುಡಕ್ಕೆ ಸುರಿಯಿರಿ, ಆ ಪೊಟ್ಯಾಷ್ ಅದರದ್ದೇ.