ಉದಯೋನ್ಮುಖ ಮಾರುಕಟ್ಟೆ: ಅವಕಾಶ ಮತ್ತು ಸವಾಲನ್ನು ಒಟ್ಟಿಗೆ ಓದುವ ಬಗೆ

ಅಂತರರಾಷ್ಟ್ರೀಯ ವ್ಯವಹಾರದ ಪ್ರಶ್ನೆಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: ಉದಯೋನ್ಮುಖ ಮಾರುಕಟ್ಟೆಗೆ, ಅಂದರೆ ಬೆಳೆಯುತ್ತಿರುವ ಆದರೆ ಇನ್ನೂ ಪೂರ್ತಿ ಮುಂದುವರಿಯದ ದೇಶದ ಮಾರುಕಟ್ಟೆಗೆ, ಕಾಲಿಡುವ ಕಂಪನಿಗೆ ಇರುವ ಅವಕಾಶಗಳೇನು, ಸವಾಲುಗಳೇನು? ಗೈಡುಗಳು ಎಡಕ್ಕೊಂದಿಷ್ಟು ಅವಕಾಶ, ಬಲಕ್ಕೊಂದಿಷ್ಟು ಸವಾಲು ಬರೆದು ಕೈ ತೊಳೆದುಕೊಳ್ಳುತ್ತವೆ. ಹಾಗೆ ಬಾಯಿಪಾಠ ಮಾಡಿದರೆ ಅಂಕ ಬರಬಹುದು, ವಿಷಯ ತಲೆಗೆ ಹತ್ತುವುದಿಲ್ಲ. ಬಸ್ಸು ಸರಿಯಾಗಿ ಇಲ್ಲದ ಊರಿನಲ್ಲಿ ಬೈಕಿಗೆ ಗಿರಾಕಿ ಸಿಗುತ್ತಾನೆ. ಅದೇ ಊರಿನಲ್ಲಿ ಒಳ್ಳೆಯ ರಸ್ತೆಯಾಗಲಿ, ಬ್ಯಾಂಕ್ ಸಾಲವಾಗಲಿ, ನಂಬಿಕಸ್ಥ ರಿಪೇರಿ ಅಂಗಡಿಯಾಗಲಿ ಇರುವುದಿಲ್ಲ. ಅವಕಾಶವನ್ನು ಹುಟ್ಟಿಸಿದ ಕೊರತೆಯೇ ಖರ್ಚನ್ನೂ ಹುಟ್ಟಿಸುತ್ತದೆ. ಆ ಕೊರತೆಯನ್ನು ಯಾರು, ಯಾರ ದುಡ್ಡಿನಲ್ಲಿ ತುಂಬುತ್ತಾರೆ ಎಂದು ಕೇಳಿಕೊಂಡರೆ ಇಡೀ ಅಧ್ಯಾಯ ಬಿಡಿಸಿಕೊಳ್ಳುತ್ತದೆ.

ತಮಿಳುನಾಡಿನ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯಿಂದ ಕನ್ನಡ ಶಾಲೆಯಲ್ಲಿ ಕಲಿತು, ಈಗ ಇಂಗ್ಲಿಷ್ ಪಠ್ಯ ಹಿಡಿದು ಕುಳಿತಿರುವ ನಮ್ಮಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮ ಊರಿನ ಟಿವಿಎಸ್ ಬೈಕ್ ಕಾರ್ಖಾನೆಯೇ ಸಾಕು.

ಮೊದಲು ಎರಡು ಅಂಕದ ಸಂಗತಿಗಳು. 'ಉದಯೋನ್ಮುಖ ಮಾರುಕಟ್ಟೆ' (emerging market) ಎಂಬ ಹೆಸರನ್ನು 1981ರಲ್ಲಿ ಬಳಕೆಗೆ ತಂದವರು ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮದಲ್ಲಿದ್ದ ಆಂಟೊಯ್ನ್ ವಾನ್ ಆಗ್ಟ್‌ಮೇಲ್. 2001ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನ ಜಿಮ್ ಓ'ನೀಲ್ ಬ್ರೆಜಿಲ್, ರಷ್ಯಾ, ಭಾರತ, ಚೀನಾಗಳನ್ನು ಸೇರಿಸಿ 'ಬ್ರಿಕ್' ಎಂದರು. ಯಾವ ದೇಶ ಉದಯೋನ್ಮುಖ ಎಂಬುದಕ್ಕೆ ಒಂದೇ ಪಟ್ಟಿ ಇಲ್ಲ; ಎಂಎಸ್‌ಸಿಐ, ಎಫ್‌ಟಿಎಸ್‌ಇ ಎಂಬ ಷೇರು ಸೂಚ್ಯಂಕ ಸಂಸ್ಥೆಗಳು ತಮ್ಮ ತಮ್ಮ ಪಟ್ಟಿ ಮಾಡುತ್ತವೆ. ದಕ್ಷಿಣ ಕೊರಿಯಾ ಎಂಎಸ್‌ಸಿಐ ಪಟ್ಟಿಯಲ್ಲಿ ಉದಯೋನ್ಮುಖ, ಎಫ್‌ಟಿಎಸ್‌ಇ ಪಟ್ಟಿಯಲ್ಲಿ ಅಭಿವೃದ್ಧಿ ಹೊಂದಿದ ಮಾರುಕಟ್ಟೆ. ಮುಂದೆ ಬರುವ ಕೀನ್ಯಾವನ್ನು ಎಂಎಸ್‌ಸಿಐ ಇನ್ನೂ ಒಂದು ಮೆಟ್ಟಿಲು ಕೆಳಗೆ, 'ಫ್ರಾಂಟಿಯರ್' ಗುಂಪಿನಲ್ಲಿ ಇಡುತ್ತದೆ. ಷೇರು ಹೂಡಿಕೆದಾರನಿಗೆ ಈ ವ್ಯತ್ಯಾಸ ದೊಡ್ಡದು, ಬೈಕು ಮಾರುವವನಿಗೆ ಅಷ್ಟೇನೂ ಅಲ್ಲ.

ಸಾಂಸ್ಥಿಕ ಕೊರತೆ

ಈ ಅಧ್ಯಾಯದ ಬೆನ್ನೆಲುಬು ಇದು. ಹಾರ್ವರ್ಡ್‌ನ ತರುಣ್ ಖನ್ನಾ ಮತ್ತು ಕೃಷ್ಣ ಪಾಲೆಪು 1997ರಲ್ಲಿ ಮುಂದಿಟ್ಟ ವಾದ ಹೀಗಿದೆ. ಮುಂದುವರಿದ ದೇಶದಲ್ಲಿ ಕೊಳ್ಳುವವನನ್ನೂ ಮಾರುವವನನ್ನೂ ಸೇರಿಸಲು ಎಷ್ಟೋ ಮಧ್ಯವರ್ತಿ ವ್ಯವಸ್ಥೆಗಳಿರುತ್ತವೆ: ಸಾಲಗಾರನ ಚರಿತ್ರೆ ಹೇಳುವ ಸಂಸ್ಥೆ, ಗುಣಮಟ್ಟ ಪರೀಕ್ಷಿಸುವ ಸಂಸ್ಥೆ, ಕೌಶಲ ಕಲಿಸುವ ಕೇಂದ್ರ, ಒಪ್ಪಂದ ಮುರಿದರೆ ಬೇಗ ತೀರ್ಪು ಕೊಡುವ ನ್ಯಾಯಾಲಯ. ಉದಯೋನ್ಮುಖ ಮಾರುಕಟ್ಟೆಯಲ್ಲಿ ಇವು ಇರುವುದಿಲ್ಲ, ಇಲ್ಲವೇ ಅರೆಬರೆಯಾಗಿ ಇರುತ್ತವೆ. ಆದ್ದರಿಂದ ಬಡತನಕ್ಕಿಂತ ಹೆಚ್ಚಾಗಿ ಈ ವ್ಯವಸ್ಥೆಗಳ ಗೈರುಹಾಜರಿಯೇ ಅಂಥ ಮಾರುಕಟ್ಟೆಯ ಗುರುತು.

ಇದನ್ನು ಪೂರ್ವ ಆಫ್ರಿಕಾದಲ್ಲಿ ಇಟ್ಟು ನೋಡೋಣ. ಕೀನ್ಯಾ–ಉಗಾಂಡ ಗಡಿಯ ಬುಸಿಯಾದಲ್ಲಿ 1960ರ ದಶಕದಲ್ಲಿ ಸೈಕಲ್ ಹಿಂದೆ ಜನರನ್ನು ಕೂರಿಸಿಕೊಂಡು ಗಡಿ ದಾಟಿಸುತ್ತಿದ್ದರು. ಎರಡು ದೇಶಗಳ ಗಡಿಕಟ್ಟೆಗಳ ನಡುವಿನ ದಾರಿ ಕಾಲ್ನಡಿಗೆಗೆ ದೂರ, ವಾಹನಗಳಿಗೆ ತಾಪತ್ರಯ. ಆ ಸೈಕಲ್ ಈಗ ಮೋಟಾರ್‌ಬೈಕ್ ಆಗಿದೆ, 'ಬೋಡಾ ಬೋಡಾ' ಎಂಬ ಹೆಸರಿನಲ್ಲಿ ಇಡೀ ಪ್ರದೇಶದ ಬಾಡಿಗೆ ಸವಾರಿಯಾಗಿದೆ. ಈ ಬೇಡಿಕೆ ಹಿಡಿದವರಲ್ಲಿ ಮುಖ್ಯರು ಭಾರತದವರು: ಬಜಾಜ್‌ನ ಬಾಕ್ಸರ್, ನಮ್ಮ ಹೊಸೂರಿನ ಟಿವಿಎಸ್‌ನ ಎಚ್‌ಎಲ್‌ಎಕ್ಸ್. ಎಚ್‌ಎಲ್‌ಎಕ್ಸ್ ಆಫ್ರಿಕಾಕ್ಕೆ ಹೋದದ್ದು 2013ರಲ್ಲಿ.

ಆ ಬೈಕನ್ನು ನಮ್ಮ ಊರಿನ ಬೈಕಿನ ಪಕ್ಕದಲ್ಲಿ ಕಲ್ಪಿಸಿಕೊಳ್ಳಿ. ಉದ್ದನೆಯ ಸೀಟು, ಹಿಂದೆ ಮೂಟೆ ಕಟ್ಟಲು ಗಟ್ಟಿ ಕ್ಯಾರಿಯರ್, ಮಣ್ಣಿನ ರಸ್ತೆಗೆ ತಡೆಯುವ ಸಸ್ಪೆನ್ಷನ್. ಇಲ್ಲಿ ಬೈಕು ಕೊಳ್ಳುವವನು ಮೈಲೇಜ್ ಕೇಳುತ್ತಾನೆ, ಬಣ್ಣ ನೋಡುತ್ತಾನೆ. ಅಲ್ಲಿ ಕೊಳ್ಳುವವನಿಗೆ ಅದು ದುಡಿಮೆಯ ಸಾಧನ. ಬೈಕು ಒಂದು ದಿನ ನಿಂತರೆ ಅಂದಿನ ಸಂಪಾದನೆ ಹೋಯಿತು. ಆದ್ದರಿಂದ ಬೈಕಿನಷ್ಟೇ ಮುಖ್ಯವಾದದ್ದು ಬಿಡಿಭಾಗ. ಕ್ಲಚ್ ಪ್ಲೇಟ್, ಬ್ರೇಕ್ ಶೂ, ಚೈನು ಸಣ್ಣ ಪೇಟೆಯಲ್ಲೂ ಸಿಗಬೇಕು, ಅದನ್ನು ಹಾಕಲು ಬರುವ ಮೆಕ್ಯಾನಿಕ್ ಇರಬೇಕು. ಮೆಕ್ಯಾನಿಕ್ ಇಲ್ಲದಿದ್ದರೆ ಕಂಪನಿಯೇ ತರಬೇತಿ ಕೊಡಬೇಕು. ಕೊರತೆ ತುಂಬುವುದೆಂದರೆ ಇದೇ.

ಸಾಲದ ಕಥೆಯೂ ಹೀಗೆಯೇ. ಸವಾರನಿಗೆ ಸಂಬಳದ ಚೀಟಿ ಇಲ್ಲ, ಬ್ಯಾಂಕ್ ಒಳಗೆ ಬಿಡುವುದಿಲ್ಲ. 2007ರಲ್ಲಿ ಕೀನ್ಯಾದಲ್ಲಿ ಶುರುವಾದ ಎಂ-ಪೆಸಾ ಮೊಬೈಲಿನಲ್ಲೇ ಹಣ ಕಳುಹಿಸುವ ದಾರಿ ತೆರೆಯಿತು. ಅದರ ಮೇಲೆ ದಿನಗಂತಿನ ಬೈಕ್ ಸಾಲ ಬೆಳೆಯಿತು. ಬೈಕಿನಲ್ಲಿ ಟ್ರ್ಯಾಕರ್, ದಿನದ ಸಂಪಾದನೆಯಿಂದ ದಿನದ ಕಂತು. ಗಿರಾಕಿಯ ಆದಾಯ ಯಾವ ಅಳತೆಯಲ್ಲಿ ಬರುತ್ತದೋ ಬೆಲೆಯನ್ನೂ ಅದೇ ಅಳತೆಯಲ್ಲಿ ಒಡೆದು ಕೊಡಬೇಕು ಎಂಬ ತತ್ತ್ವ ತಮಿಳುನಾಡಿನಲ್ಲಿರುವ ನಮಗೆ ಹೊಸದಲ್ಲ. ಕಡಲೂರಿನ ಚಿನ್ನಿ ಕೃಷ್ಣನ್ ಶಾಂಪೂವನ್ನು ಪುಟ್ಟ ಪೊಟ್ಟಣಕ್ಕೆ ಇಳಿಸಿದ್ದು ಇದೇ ಲೆಕ್ಕದಲ್ಲಿ. ಆದರೆ ಸಾಲ ಪೊಟ್ಟಣದಂತಲ್ಲ: ಕಂತು ತಪ್ಪಿದರೆ ಬೈಕು ಹೋಗುತ್ತದೆ, ಬಡ್ಡಿ ಭಾರವಾದರೆ ಸವಾರನ ಸಿಟ್ಟು ಬ್ರಾಂಡಿನ ಮೇಲೆ ತಿರುಗುತ್ತದೆ. ಪಠ್ಯಗಳು ಇದನ್ನು ಒಂದು ಸಾಲಿನಲ್ಲಿ ಹಾರಿಸಿಬಿಡುತ್ತವೆ. ಬಡವರ ಮಾರುಕಟ್ಟೆ ಎಂದು ಉತ್ಸಾಹದಿಂದ ಬರೆಯುವವರು ಬಡವನ ಕಂತಿನ ಬಗ್ಗೆಯೂ ಅಷ್ಟೇ ಉದ್ದ ಬರೆಯಬೇಕು.

ಕರೆನ್ಸಿ ಮತ್ತು ಸರ್ಕಾರ

ಡಾಲರ್‌ನಲ್ಲಿ ಬಿಲ್ ಹಾಕಿದರೆ ವಿನಿಮಯದ ಅಪಾಯ ತಪ್ಪಿತು ಎಂದು ಹಲವರು ಉತ್ತರ ಬರೆಯುತ್ತಾರೆ. ಲೆಕ್ಕ ಹಾಕಿ ನೋಡಿ. ನೈಜೀರಿಯಾದಲ್ಲಿ 2023ರ ಜೂನ್‌ಗೆ ಮುನ್ನ ಅಧಿಕೃತ ದರ ಡಾಲರಿಗೆ ಸುಮಾರು 460 ನೈರಾ. ಸರ್ಕಾರ ಹಿಡಿತ ಸಡಿಲಿಸಿದ ಮೇಲೆ 2024ರ ಫೆಬ್ರವರಿ ಹೊತ್ತಿಗೆ ಅದು 1,500ರ ಆಸುಪಾಸಿಗೆ ಬಂತು. 1,000 ಡಾಲರಿನ ಬೈಕು ಎಂದು ಇಟ್ಟುಕೊಂಡರೆ 4.6 ಲಕ್ಷ ನೈರಾ ಇದ್ದದ್ದು 15 ಲಕ್ಷ ಆಯಿತು. ಸವಾರನ ದಿನದ ಸಂಪಾದನೆ ಮೂರು ಪಟ್ಟು ಏರಲಿಲ್ಲ. ರಫ್ತುದಾರನಿಗೆ ಪ್ರತಿ ಬೈಕಿಗೂ ಅಷ್ಟೇ ಡಾಲರ್ ಬರುತ್ತದೆ, ಆದರೆ ಕೊಳ್ಳುವವರೇ ಕಡಿಮೆಯಾಗುತ್ತಾರೆ. ನಷ್ಟ ದರದಲ್ಲಿ ಕಾಣದೆ ಮಾರಾಟದ ಸಂಖ್ಯೆಯಲ್ಲಿ ಕಾಣುತ್ತದೆ.

ಅಲ್ಲೇ ನೆಲೆಯೂರಿದವರಿಗೆ ಪೆಟ್ಟು ನೇರ. ಭಾರತಿ ಏರ್‌ಟೆಲ್ 2010ರಲ್ಲಿ ಜೈನ್ (Zain) ಎಂಬ ಮೊಬೈಲ್ ಕಂಪನಿಯ 15 ಆಫ್ರಿಕನ್ ದೇಶಗಳ ವ್ಯವಹಾರವನ್ನು 1,070 ಕೋಟಿ ಡಾಲರ್ ಮೌಲ್ಯದಲ್ಲಿ ಕೊಂಡಿತು. ಭಾರತದಲ್ಲಿ ದರ ಇಳಿಸಿ ಬಳಕೆ ಏರಿಸಿದ ಸೂತ್ರ ಅಲ್ಲಿ ಅಷ್ಟು ಬೇಗ ಫಲಿಸಲಿಲ್ಲ. ಟವರುಗಳಿಗೆ ಡೀಸೆಲ್ ಜನರೇಟರ್ ಬೇಕಾಯಿತು. ವರ್ಷಗಳ ನಷ್ಟದ ನಂತರ ವ್ಯವಹಾರ ಲಾಭಕ್ಕೆ ಬಂದು 2019ರಲ್ಲಿ ಲಂಡನ್ ಷೇರುಪೇಟೆ ಸೇರಿತು. ನೈರಾ ಕುಸಿತ 2023–24ರಲ್ಲಿ ಅದನ್ನು ಮತ್ತೆ ನಷ್ಟಕ್ಕೆ ತಳ್ಳಿತು.

ಸರ್ಕಾರದ ಒಂದು ಆದೇಶ ಮಾರುಕಟ್ಟೆಯನ್ನೇ ಅಳಿಸಬಹುದು. ನೈಜೀರಿಯಾದ ಲಾಗೋಸ್ ರಾಜ್ಯ 2020ರ ಫೆಬ್ರವರಿಯಲ್ಲಿ ನಗರದ ಪ್ರಮುಖ ಭಾಗಗಳಲ್ಲಿ ಬಾಡಿಗೆ ಬೈಕುಗಳನ್ನು ನಿಷೇಧಿಸಿತು. ಅಪಘಾತ ಮತ್ತು ಅಪರಾಧ ಕಾರಣ ಎಂದಿತು. ಆ್ಯಪ್ ಮೂಲಕ ಬೈಕ್ ಸವಾರಿ ಕೊಡುತ್ತಿದ್ದ ಗೊಕಾಡಾ ಸಾಮಾನು ಸಾಗಾಟಕ್ಕೆ ಹೊರಳಬೇಕಾಯಿತು.

ಸಣ್ಣ ರಫ್ತುದಾರರಿಗೆ ನೆನಪಿರಬೇಕಾದದ್ದು ಇಸಿಜಿಸಿ, ಅಂದರೆ ರಫ್ತು ಸಾಲ ಖಾತರಿ ನಿಗಮ. 1957ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಸಂಸ್ಥೆ ವಿದೇಶಿ ಗಿರಾಕಿ ದಿವಾಳಿಯಾದರೆ, ಹಣ ಕೊಡದಿದ್ದರೆ, ಯುದ್ಧ ಅಥವಾ ಆಮದು ನಿರ್ಬಂಧ ಬಂದರೆ ವಿಮೆ ಕೊಡುತ್ತದೆ. ವಿನಿಮಯ ದರದ ಏರಿಳಿತದ ನಷ್ಟ ಅದರ ಸಾಮಾನ್ಯ ಪಾಲಿಸಿಯಲ್ಲಿ ಸೇರುವುದಿಲ್ಲ. ಪರೀಕ್ಷೆಯಲ್ಲಿ ಇವೆರಡನ್ನು ಕಲಸಬೇಡಿ.

ಪ್ರವೇಶದ ದಾರಿ

ರಫ್ತು, ವಿತರಕ, ಸ್ಥಳೀಯ ಜೋಡಣೆ, ಜಂಟಿ ಉದ್ಯಮ, ಸ್ವಂತ ಕಾರ್ಖಾನೆ. ಕ್ರಮವಾಗಿ ಹೂಡಿಕೆ ಏರುತ್ತದೆ, ಹಿಡಿತವೂ ಏರುತ್ತದೆ, ಬಿಟ್ಟು ಬರುವುದು ಕಷ್ಟವಾಗುತ್ತದೆ. ಟಿವಿಎಸ್ ಇಂಡೋನೇಷ್ಯಾದ ಕಾರವಾಂಗ್‌ನಲ್ಲಿ 2007ರಲ್ಲಿ ಸ್ವಂತ ಕಾರ್ಖಾನೆ ತೆರೆಯಿತು. ಅಲ್ಲಿ ಬೈಕು ಕೊಳ್ಳುವವರಿಗೆ ಕೊರತೆ ಇರಲಿಲ್ಲ. ಆದರೆ ಹೋಂಡಾ, ಯಮಾಹಾ ಆಗಲೇ ಬೇರೂರಿದ್ದವು. ಡೀಲರು, ಬಿಡಿಭಾಗ, ಹಳೆಯ ಗಾಡಿಯ ಮರುಮಾರಾಟದ ಬೆಲೆ ಎಲ್ಲವೂ ಅವರ ಕಡೆಗಿತ್ತು. ತುಂಬಲು ಖಾಲಿ ಜಾಗ ಉಳಿದಿರಲಿಲ್ಲ. ದೊಡ್ಡ ಮಾರುಕಟ್ಟೆಯೆಲ್ಲ ತೆರೆದ ಮಾರುಕಟ್ಟೆಯಲ್ಲ. ಆ ಕಾರ್ಖಾನೆ ಈಗ ಬೇರೆ ದೇಶಗಳಿಗೂ ಗಾಡಿ ಕಳುಹಿಸುತ್ತದೆ.

ಪಠ್ಯದಲ್ಲಿ ಸಿಗದ ಒಂದು ಮಾತು

ಉದಯೋನ್ಮುಖ ದೇಶವನ್ನು ನಾವು ಗಿರಾಕಿಯಾಗಿ ಮಾತ್ರ ನೋಡುತ್ತೇವೆ. ಹೊಸೂರು ಸುತ್ತಲಿನ ಪಾಲಿಹೌಸ್‌ಗಳನ್ನು ನೋಡಿ. ಅಮುದಗೊಂಡಪಳ್ಳಿ, ಬಾಗಲೂರು, ತಳಿ ಭಾಗದ ಗುಲಾಬಿ ಫೆಬ್ರವರಿ 14ಕ್ಕೆ ಮುನ್ನ ವಿದೇಶಕ್ಕೆ ಹೋಗುತ್ತದೆ. ಅದಕ್ಕೆ ಎದುರು ನಿಂತಿರುವುದು ಅದೇ ಕೀನ್ಯಾ. ನೈವಾಷಾ ಸರೋವರದ ಸುತ್ತ ಸುಮಾರು 1,900 ಮೀಟರ್ ಎತ್ತರದಲ್ಲಿ, ಸಮಭಾಜಕದ ಪಕ್ಕದಲ್ಲಿ ಬೆಳೆಯುವ ಗುಲಾಬಿಗೆ ರಾತ್ರಿಯ ತಂಪೂ ವರ್ಷವಿಡೀ ಸಮನಾದ ಬೆಳಕೂ ಸಿಗುತ್ತದೆ. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ. ಕೀನ್ಯಾದ ಹೂವು ಸುಂಕವಿಲ್ಲದೆ ಯುರೋಪಿನ ಒಕ್ಕೂಟಕ್ಕೆ ಹೋಗುತ್ತದೆ. ನಮ್ಮ ಬೆಳೆಗಾರರು ಸಿಂಗಾಪುರ, ಮಲೇಷ್ಯಾ, ಕೊಲ್ಲಿ ದೇಶಗಳ ಕಡೆ ಹೆಚ್ಚು ಗಮನ ಕೊಡುವುದಕ್ಕೆ ದೂರದ ಜೊತೆಗೆ ಇದೂ ಒಂದು ಕಾರಣ. ಬೈಕು ಕಳುಹಿಸುವ ಊರೇ ಹೂವಿನ ಪೈಪೋಟಿಯನ್ನೂ ಎದುರಿಸುತ್ತಿದೆ. ಪ್ರಶ್ನೆ ಹತ್ತು ಅಂಕದ್ದಾದರೆ ಈ ಭಾಗವನ್ನು ಬಿಡದೆ ಬರೆಯಿರಿ.