ಏಳು ರೂಪಾಯಿ ಸೊನ್ನೆ ಆಣೆ

ದೊಡ್ಡಪ್ಪನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅಪ್‌ಡೇಟ್ ಆಗುತ್ತಿರಲಿಲ್ಲ. ಪ್ರತಿ ಸಲವೂ ಅದೇ ನಂಬರ್: 80070070. ಮುಚ್ಚಳದ ಮೇಲೆ ಆಯುಧ ಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು. "ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ. ಅಂಗಡಿಯವನು ಫಾರ್ಮ್ಯಾಟ್ ಹೊಡೀಬೇಕು ಅಂತಾನೆ" ಎಂದರು.

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಜ್ವರ ಎಷ್ಟಿದೆ ಅಂತ ನೋಡದೆ ತಲೆ ಬೋಳಿಸಿದ ಹಾಗೆ! ಕಾರಣ ಪರದೆ ಮೇಲೇ ಇತ್ತು. ಯಾರೂ ಓದಿರಲಿಲ್ಲ ಅಷ್ಟೆ.

ಆ ನಂಬರನ್ನು ಪಿನ್‌ಕೋಡ್ ಥರ ಒಡೆದು ಓದಬೇಕು. ಮೊದಲ 8 ಅಂದರೆ ಕೆಲಸ ಕೆಟ್ಟಿದೆ. ನಂತರದ 007 ದೂರು ಯಾವ ಮನೆತನದ್ದು ಅಂತ ಹೇಳುತ್ತದೆ. ಇದು ವಿಂಡೋಸ್‌ನ ಸಾಮಾನ್ಯ ತಪ್ಪುಗಳ ಪಟ್ಟಿ. ಕೊನೆಯ 0070 ಆ ಪಟ್ಟಿಯಲ್ಲಿನ ಕ್ರಮಸಂಖ್ಯೆ. ಆದರೆ ಇದು ನಮ್ಮ ಎಪ್ಪತ್ತಲ್ಲ. ಕಂಪ್ಯೂಟರ್ ಇಲ್ಲಿ ಹದಿನಾರರ ಲೆಕ್ಕದಲ್ಲಿ ಬರೆಯುತ್ತದೆ.

ದೊಡ್ಡಪ್ಪನಿಗೀಗ 80. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬರುವವರೆಗೆ ಅವರು ಆಣೆ ಲೆಕ್ಕದಲ್ಲೇ ಬೆಳೆದವರು. ಹದಿನಾರು ಆಣೆಗೆ ಒಂದು ರೂಪಾಯಿ, ಅಲ್ವಾ? ಹಾಗಾದರೆ 70 ಅಂದರೆ ಏಳು ರೂಪಾಯಿ ಸೊನ್ನೆ ಆಣೆ. ಒಟ್ಟು ಎಷ್ಟಾಣೆ? "ಹದಿನಾರೇಳ್ಲ ನೂರಾ ಹನ್ನೆರಡು" ಎಂದು ತಟ್ಟನೆ ಮಗ್ಗಿ ಹೇಳಿದರು. ಹತ್ತಾಣೆಯಿಂದ ಹದಿನೈದಾಣೆವರೆಗೆ ಅಂಕಿ ಸಾಲದೆ ಎ, ಬಿ, ಸಿ ಎಂದು ಎಫ್ ತನಕ ಬರೆಯುತ್ತಾರೆ. ಅಷ್ಟೇ ಗುಟ್ಟು.

ಪಟ್ಟಿಯಲ್ಲಿ 112 ಅಂದರೆ ಡಿಸ್ಕ್‌ನಲ್ಲಿ ಜಾಗ ಇಲ್ಲ. 5 ಅಂದರೆ ಅನುಮತಿ ಇಲ್ಲ, 2 ಅಂದರೆ ಫೈಲ್ ಸಿಗಲಿಲ್ಲ. ಈ ಐದೂ ಎರಡೂ 1983ರ ಎಂಎಸ್-ಡಾಸ್ 2.0 ಕಾಲದವು! ಮನೆ ಎಷ್ಟು ಸಲ ಕಟ್ಟಿದರೂ ಬಾಗಿಲ ನಂಬರ್ ಮಾತ್ರ ಹಳೆಯದೇ.

ಸಿ ಡ್ರೈವ್ ತುಂಬಿ ತುಳುಕುತ್ತಿತ್ತು. ಡೆಸ್ಕ್‌ಟಾಪ್ ಮೇಲೆ ಮಗಳ ಮದುವೆ ವಿಡಿಯೋದ ಮೂರು ಪ್ರತಿ. ಡಿ ಡ್ರೈವ್ ಸುಮ್ನೆ ಖಾಲಿ ಬಿದ್ದಿತ್ತು. ಅಪ್‌ಡೇಟ್ ಅಂದರೆ ವಾಸವಿರುವ ಮನೆಯನ್ನೇ ರಿಪೇರಿ ಮಾಡಿದ ಹಾಗೆ. ಮರಳು, ಇಟ್ಟಿಗೆ ಸುರಿಯಲು ಅಂಗಳ ಬೇಕು. ದೊಡ್ಡ ಅಪ್‌ಡೇಟ್ ಆದರೆ, ಬೇಡ ಅನಿಸಿದರೆ ವಾಪಸ್ ಹೋಗಲಿ ಅಂತ ಹಳೆಯದನ್ನೂ 10 ದಿನ ಇಟ್ಟುಕೊಂಡಿರುತ್ತದೆ. ಒಂದು ಪ್ರತಿಯನ್ನು ಡಿಗೆ ಸಾಗಿಸಿ ಉಳಿದೆರಡನ್ನು ಅಳಿಸಿದೆವು. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆವು; ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಅಪ್‌ಡೇಟ್ ಸರಾಗವಾಗಿ ಆಯಿತು.

ಎಲ್ಲ ನಂಬರೂ ಇದೇ ಮನೆತನದ್ದಲ್ಲ. 8024 ಅಂತ ಶುರುವಾದರೆ ಅದು ಅಪ್‌ಡೇಟ್ ವ್ಯವಸ್ಥೆಯದೇ ಬೇರೆ ಪಟ್ಟಿ.

ವಾರ ಬಿಟ್ಟು ದೊಡ್ಡಪ್ಪ ಫೋನ್ ಮಾಡಿದರು. ಪಕ್ಕದ ಮನೆಯ ಹಳೇ ಡೆಸ್ಕ್‌ಟಾಪಿನಲ್ಲಿ 80072ಎಫ್8ಎಫ್ ಬಂದಿತ್ತಂತೆ. ಕೊನೆಯ 2ಎಫ್8ಎಫ್ ಅನ್ನು ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿ 12175 ಅಂತ ತಂದಿದ್ದರು. ಅಂದರೆ ಅಪ್‌ಡೇಟ್ ಕಳಿಸುವ ಸರ್ವರ್ ಜೊತೆ ಸುರಕ್ಷಿತ ಸಂಪರ್ಕ ಆಗಿಲ್ಲ. "ಗಡಿಯಾರ ಎಷ್ಟು ತೋರಿಸ್ತಿದೆ?" ಎಂದೆ. "2009ನೇ ಇಸವಿ" ಎಂದರು. ಸರ್ವರ್ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರ ಆ ಕಂಪ್ಯೂಟರಿನ ಪಾಲಿಗೆ ಇನ್ನೂ ಹುಟ್ಟೇ ಇರಲಿಲ್ಲ. ಗಡಿಯಾರ ನಡೆಸುವ, ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್2032, ಸತ್ತಿತ್ತು. ಹೊಸದು ಹಾಕಿ ತಾರೀಕು ಸರಿ ಮಾಡಿದ ಮೇಲೆ ಡೌನ್‌ಲೋಡ್ ಶುರುವಾಯಿತು.