ಸೀರೆ, ಬ್ಲೌಸ್ ಪೀಸ್, ಅಂಗಡಿಯ ಬೆಳಕು: ಬಣ್ಣ ಹೊಂದಿಸುವ ಬಗ್ಗೆ ಟಿಪ್ಪಣಿ

ಉಡುಪಿನ ಪಾಠದಲ್ಲಿ ಬಣ್ಣದ ಅಧ್ಯಾಯವನ್ನು ಹೆಚ್ಚಿನವರು ವರ್ಣಚಕ್ರ (ಬಣ್ಣಗಳನ್ನು ಸುತ್ತಲೂ ಜೋಡಿಸಿದ ವೃತ್ತ) ಬರೆದು ಮುಗಿಸಿಬಿಡುತ್ತಾರೆ. ಚಕ್ರದಲ್ಲಿ ಒಂದೊಂದು ಬಣ್ಣಕ್ಕೂ ಅದರದೇ ಖಾನೆ. ಉಟ್ಟ ಬಟ್ಟೆಯಲ್ಲಿ ಹಾಗಿಲ್ಲ: ಪಕ್ಕದ ಬಣ್ಣ, ಮೇಲೆ ಬೀಳುವ ಬೆಳಕು, ನೂಲಿನ ಹೊಳಪು, ಉಡುವ ಸಂದರ್ಭ ಎಲ್ಲವೂ ಅದನ್ನು ಬದಲಿಸುತ್ತವೆ.

ಮೊದಲು ಮೂರು ಗುಣ ನೆನಪಿರಲಿ: ವರ್ಣ (ಕೆಂಪೋ, ಹಸಿರೋ), ತಿಳಿ-ಗಾಢ, ತೀವ್ರತೆ. ಅಮೆರಿಕದ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಪ್ರಕಟಿಸಿದ ಪದ್ಧತಿ ಈ ಮೂರನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಗಿಳಿಹಸಿರು, ಪಾಚಿಹಸಿರು ಎರಡೂ ಹಸಿರೇ, ಆದರೆ ಮೊದಲನೆಯದು ತೀವ್ರ, ಎರಡನೆಯದು ಮಂಕು. ಬ್ಲೌಸ್ ಸೀರೆಗೆ 'ಹೊಂದಲಿಲ್ಲ' ಅನ್ನಿಸಿದಾಗ ನಾವು ವರ್ಣವನ್ನು ದೂರುತ್ತೇವೆ, ತಪ್ಪು ಬಹಳ ಸಲ ಉಳಿದೆರಡರಲ್ಲಿ ಇರುತ್ತದೆ. ಪರೀಕ್ಷೆ ಸುಲಭ: ಎರಡು ಬಟ್ಟೆಯನ್ನೂ ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಎರಡೂ ಒಂದೇ ಬೂದು ಬಂದರೆ ತಿಳಿ-ಗಾಢ ಸಮ ಎಂದರ್ಥ. ತೀವ್ರವಾದ ಕೆಂಪು, ತೀವ್ರವಾದ ಹಸಿರು ಹೀಗೆ ಸಮವಾಗಿ ಕೂಡಿದರೆ ಅಂಚಿನಲ್ಲಿ ಕಣ್ಣು ಕುಕ್ಕುತ್ತದೆ. ಒಂದನ್ನು ಗಾಢ ಮಾಡಿದರೆ ಸಾಕು, ವರ್ಣ ಬದಲಿಸಬೇಕಿಲ್ಲ.

ಇನ್ನು ಪಕ್ಕದ ಬಣ್ಣದ ವಿಷಯ. ಈ ಅಧ್ಯಾಯದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೋಲ್‌ಗೆ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂತು. ಬೇರೆ ಕಡೆಯ ಕಪ್ಪಿನ ಜೊತೆ ಇಟ್ಟು ನೋಡಿದರೆ ಬಣ್ಣದಲ್ಲಿ ಕೊರತೆಯೇನೂ ಇರಲಿಲ್ಲ. ಆ ಕಪ್ಪನ್ನು ನೀಲಿ, ನೇರಳೆಯ ಪಕ್ಕ ನೇಯ್ದಿದ್ದರಿಂದ ಅದು ಸೊರಗಿದಂತೆ ಕಾಣುತ್ತಿತ್ತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ತಮ್ಮ ವಿರುದ್ಧ ಬಣ್ಣದ (ವರ್ಣಚಕ್ರದಲ್ಲಿ ಎದುರಿಗಿರುವ ಬಣ್ಣದ) ಕಡೆಗೆ ತಳ್ಳುತ್ತವೆ ಎಂಬುದನ್ನು ಆತ 1839ರ ಪುಸ್ತಕದಲ್ಲಿ ವಿವರಿಸಿದ. ನೀವೇ ನೋಡಿ: ಒಂದೇ ಬೂದು ಕಾಗದದಿಂದ 3 ಸೆಂ.ಮೀ. ಚೌಕ ಎರಡು ಕತ್ತರಿಸಿ, ಒಂದನ್ನು ಕೆಂಪು ಬಟ್ಟೆಯ ಮೇಲೆ, ಇನ್ನೊಂದನ್ನು ಹಸಿರಿನ ಮೇಲೆ ಇಡಿ. ಕೆಂಪಿನ ಮೇಲಿನದು ತುಸು ಹಸಿರಾಗಿ, ಹಸಿರಿನ ಮೇಲಿನದು ತುಸು ಕೆಂಪಾಗಿ ಕಾಣುತ್ತದೆ.

ಇಳಕಲ್ ಸೀರೆ ಇದಕ್ಕೆ ಒಳ್ಳೆಯ ಉದಾಹರಣೆ. ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗಾಗಿ ಹಸಿರು ಒಡಲು ಮುಗಿದು ಕೆಂಪು ಸೆರಗು ಶುರುವಾಗುವಲ್ಲಿ ಎರಡೂ ತಮ್ಮ ಪೂರ್ತಿ ತೀವ್ರತೆಯಲ್ಲೇ ಎದುರುಬದುರಾಗುತ್ತವೆ. ನಡುವೆ ಬಿಳಿ ಗೆರೆ-ವಿನ್ಯಾಸ ಇರುವುದರಿಂದ ಕಣ್ಣು ದಣಿಯುವುದಿಲ್ಲ. ಇಂಥ ಸೀರೆಗೆ ಒಡಲಿನ ಬಣ್ಣದ ಬ್ಲೌಸಿಗಿಂತ ಸೆರಗಿನ ಕೆಂಪೇ ಒಪ್ಪುತ್ತದೆ, ಏಕೆಂದರೆ ಭುಜದ ಮೇಲೆ ಬ್ಲೌಸಿಗೆ ತಾಗಿ ಬರುವುದು ಸೆರಗು.

ಅಂಗಡಿಯವರು ಡಬಲ್ ಶೇಡ್ ಅನ್ನುವ ರೇಷ್ಮೆಯಲ್ಲಿ ಹಾಸಿನ ಎಳೆಗೆ ಒಂದು ಬಣ್ಣ, ಹೊಕ್ಕಿನ (ಅಡ್ಡಕ್ಕೆ ನೇಯುವ) ಎಳೆಗೆ ಇನ್ನೊಂದು. ಮಡಿಕೆ ತಿರುಗಿದಂತೆ ಬಣ್ಣ ತಿರುಗುತ್ತದೆ. ಒಟ್ಟು ಕಾಣುವ ಮಿಶ್ರ ಬಣ್ಣಕ್ಕೆ ಬ್ಲೌಸ್ ಹುಡುಕಿದರೆ ಸಿಗುವುದು ಕಷ್ಟ. ತುದಿಯಲ್ಲಿ ಎರಡು ಎಳೆ ಬಿಡಿಸಿ ನೋಡಿ, ಎರಡರಲ್ಲಿ ಒಂದನ್ನು ಆರಿಸಿ.

ಅಂಗಡಿಯಲ್ಲಿ ಕೂಡಿದ್ದು ಮನೆಯ ಅಂಗಳದಲ್ಲಿ ಬೇರೆಯಾಗುವುದಕ್ಕೆ ಕಾರಣ ಬೆಳಕು. ಎರಡು ಬಟ್ಟೆಗೆ ಬೇರೆಬೇರೆ ರಾಸಾಯನಿಕ ಬಣ್ಣ ಹಾಕಿದ್ದರೆ ಒಂದು ದೀಪದಡಿ ಒಂದೇ ಕಂಡರೂ ಇನ್ನೊಂದರಡಿ ಬೇರೆಯಾಗಬಹುದು. ಮರೂನ್, ನೇರಳೆ, ಬೂದುಗಳಲ್ಲಿ ಈ ಕಾಟ ಹೆಚ್ಚು. ಸೀರೆಯನ್ನೇ ಒಯ್ಯಿರಿ, ವರ್ಣ ಹೊಂದಿಸಲು ಮೊಬೈಲ್ ಫೋಟೋ ನಂಬಬೇಡಿ. ಮೊದಲು ಬಾಗಿಲ ಬಳಿ ನೆರಳಿನ ಹಗಲ ಬೆಳಕಿನಲ್ಲಿ, ಆಮೇಲೆ ಒಳಗಿನ ದೀಪದಡಿ ನೋಡಿ. ಸಂಜೆಯ ಆರತಕ್ಷತೆಗೆ ಉಡುವುದಾದರೆ ಹಳದಿ ದೀಪದ ಪರೀಕ್ಷೆ ಮುಖ್ಯ. ಹೊಲಿಗೆ ದಾರ ಆರಿಸುವಾಗ ರೀಲನ್ನು ಬಟ್ಟೆಯ ಮೇಲಿಡುವ ಬದಲು ಒಂದೇ ಎಳೆ ಬಿಚ್ಚಿ ಹಾಸಿ. ಒಂಟಿ ಎಳೆ ರೀಲಿಗಿಂತ ತಿಳಿಯಾಗಿ ಕಾಣುತ್ತದೆ. ಸರಿಯಾದದ್ದು ಸಿಗದಿದ್ದರೆ ಒಂದು ಶೇಡ್ ಗಾಢವಾದದ್ದೇ ಮೇಲು.

ಅರ್ಥದ ವಿಷಯದಲ್ಲಿ 'ಕೆಂಪು ಎಂದರೆ ಕೋಪ, ನೀಲಿ ಎಂದರೆ ಶಾಂತಿ' ಎಂಬ ಪಟ್ಟಿ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಅರ್ಥ ಹುಟ್ಟುವುದು ಸಂದರ್ಭದಲ್ಲಿ. ಶುಭಕಾರ್ಯಕ್ಕೆ ಕಪ್ಪು ಬೇಡ ಎನ್ನುವ ಮನೆಯಲ್ಲೇ ಕರಿಮಣಿ ಮಾಂಗಲ್ಯದ ಗುರುತು. ಉತ್ತರ ಕರ್ನಾಟಕದಲ್ಲಿ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಮದುಮಗಳ ಸೀರೆಗಳಲ್ಲೊಂದು. ಸೀಮಂತಕ್ಕೆ ಹಸಿರು ಬಳೆ. ಬಿಳಿ ನಮ್ಮಲ್ಲಿ ಸೂತಕಕ್ಕೂ ಉಂಟು, ಕೆಂಪು ಅಂಚು ಸೇರಿದರೆ ಕೆಲವು ಮನೆತನಗಳಲ್ಲಿ ಧಾರೆಗೂ ಉಂಟು. ಯುರೋಪಿನಲ್ಲಿ ಬಿಳಿ ಮದುವೆ ಉಡುಪಿನ ಫ್ಯಾಷನ್ ಹಬ್ಬಲು 1840ರಲ್ಲಿ ವಿಕ್ಟೋರಿಯಾ ರಾಣಿ ಮದುವೆಗೆ ಬಿಳಿ ತೊಟ್ಟದ್ದು ದೊಡ್ಡ ಕಾರಣ.

ಕೊನೆಗೆ ಬಣ್ಣ ಬಿಡುವ ಸಮಸ್ಯೆ. ಹೊಸ ಹತ್ತಿ ಬಟ್ಟೆಯ ಒಳಮಡಿಕೆಯನ್ನು ಒದ್ದೆ ಬಿಳಿ ಕರವಸ್ತ್ರದಿಂದ ಹತ್ತು ಸಲ ಉಜ್ಜಿ. ಕಲೆ ಹತ್ತಿದರೆ ನೂಲಿಗೆ ಅಂಟದೆ ಉಳಿದ ಬಣ್ಣವನ್ನು ಬಣ್ಣ ಹಾಕಿದವರು ಸರಿಯಾಗಿ ತೊಳೆದಿಲ್ಲ ಎಂದು ತಿಳಿಯಿರಿ. ಅಂಥದ್ದನ್ನು ತಣ್ಣೀರಲ್ಲಿ ಬೇರೆಯಾಗಿ, ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವುದು ಅರೆಸತ್ಯ: ಬಣ್ಣದ ತೊಟ್ಟಿಯಲ್ಲಿ ಉಪ್ಪು ಬಣ್ಣವನ್ನು ನೂಲಿನತ್ತ ದೂಡುತ್ತದೆ, ಆಮೇಲೆ ಮನೆಯಲ್ಲಿ ಅದನ್ನು ಕಾಯಂ ಆಗಿ ಅಂಟಿಸಲಾರದು. ಕೆಂಪು ಸೆರಗಿನ ಬಣ್ಣ ಬಿಳಿ ವಿನ್ಯಾಸಕ್ಕೆ ಹರಿದಿದ್ದರೆ ಒಣಗಲು ಬಿಡಬೇಡಿ, ಇಸ್ತ್ರಿ ಮಾಡಬೇಡಿ. ಒದ್ದೆ ಇರುವಾಗಲೇ ತಣ್ಣೀರಲ್ಲಿ ಮತ್ತೆ ಮತ್ತೆ ಜಾಲಿಸಿ. ಒದ್ದೆ ಸೀರೆ ಮಡಚಿ ಬಕೆಟ್ಟಿನಲ್ಲಿ ಬಿಟ್ಟರೆ ಬಣ್ಣ ಪದರದಿಂದ ಪದರಕ್ಕೆ ಇಳಿಯುತ್ತದೆ. ಆದ್ದರಿಂದ ಹಿಂಡಿದ ಕೂಡಲೇ ಬಿಡಿಸಿ ನೆರಳಿನಲ್ಲಿ ಹರವಿ, ಸೆರಗು ಒಡಲಿನ ಮೇಲೆ ಬೀಳದಂತೆ.